ಟ್ಯಾಬಿನ ಮೇಲೆ ಹೊರಿಸಿದ ತಪ್ಪು

ಬಳ್ಳಾರಿ ಕೌಲ್ ಬಜಾರಿನ ನಮ್ಮ ಓಣಿಯಲ್ಲಿ ಜೀನ್ಸ್ ಹೊಲಿಯದ ಮನೆಯನ್ನು ಹುಡುಕಬೇಕು. ಬೆಳಗಾದರೆ ಮಷಿನ್ನಿನ ಸದ್ದು, ಹೊಸ್ತಿಲ ತನಕ ನೀಲಿ ಬಟ್ಟೆಯ ರಾಶಿ. ಹೊಲಿದು ಮುಗಿಸಿದ ಪ್ಯಾಂಟುಗಳಲ್ಲಿ ಅಲ್ಲಲ್ಲಿ ದಾರದ ತುದಿಗಳು ಉಳಿದಿರುತ್ತವೆ. ಅವನ್ನು ಸಣ್ಣ ಕತ್ತರಿಯಿಂದ ಕತ್ತರಿಸಿ ತೆಗೆಯುವುದು ಮನೆಯ ಹೆಂಗಸರು, ಮಕ್ಕಳ ಪಾಲಿನ ಕೆಲಸ. ಮಕ್ಕಳು ಶಾಲೆಯಿಂದ ಬಂದು ಚೀಲ ಇಟ್ಟು ಕತ್ತರಿ ಹಿಡಿಯುತ್ತಾರೆ. ನಾವು ತಲೆ ತಗ್ಗಿಸಿಕೊಂಡು ಹೊಲಿಯುತ್ತಿರುತ್ತೇವೆ. ಮಕ್ಕಳು ಹೇಗೆ ಕೂತಿದ್ದಾರೆ, ಹೇಗೆ ನೋಡುತ್ತಿದ್ದಾರೆ ಎಂದು ತಲೆ ಎತ್ತಿ ಗಮನಿಸುವ ಪುರಸೊತ್ತು ಯಾರಿಗಿದೆ?

ಹಂಪೇಶ್ ಮತ್ತು ಪಾರಮ್ಮ ಇದೇ ಓಣಿಯವರು. ಅವರ ಮಗಳು ಗಂಗೋತ್ರಿ. ಎಲ್ಲರ ಬಾಯಲ್ಲಿ ಗಂಗಿ. ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿ. ಗಂಗಿ ಪ್ಯಾಂಟನ್ನು ಮುಖದ ಹತ್ತಿರ ತಂದು ಹಿಡಿದಳೆಂದರೆ, ಯಾರ ಕಣ್ಣಿಗೂ ಬೀಳದ ಎಳೆ ಅವಳಿಗೆ ಸಿಗುತ್ತಿತ್ತು. ಅಜ್ಜಿ ಕೊಟ್ರಬಸಮ್ಮನ ಸೂಜಿಗೆ ದಾರ ಪೋಣಿಸಿ ಕೊಡುವವಳೂ ಅವಳೇ. ಒಂದೇ ಸಲಕ್ಕೆ ಪೋಣಿಸುತ್ತಿದ್ದಳು.

“ನಮ್ಮ ಗಂಗಿದು ಹದ್ದಿನ ಕಣ್ಣು!” ಎಂದು ಕೊಟ್ರಬಸಮ್ಮ ಬಂದವರಿಗೆಲ್ಲ ಹೇಳುವಳು. “ನಿಮ್ಮ ಮನ್ಯಾಗ ದಾರ ಪೋಣಿಸಾಕ ಆಗಲಿಲ್ಲಂದ್ರ ನಮ್ಮ ಹುಡುಗೀನ ಕರೀರಿ. ರೊಕ್ಕ ಗಿಕ್ಕ ಏನೂ ಬ್ಯಾಡ, ಒಂದು ಮಿರ್ಚಿ ಭಜಿ ಕೊಡಿಸ್ರಿ ಸಾಕು.”

ಹೀಗಾಗಿ ಶಾಲೆಯಿಂದ ದೂರು ಬಂದಾಗ ಮನೆಯವರಿಗೆ ಅರ್ಥವೇ ಆಗಲಿಲ್ಲ. ಗಂಗಿ ಬೋರ್ಡಿನ ಮೇಲಿನದು ಬರೆದುಕೊಳ್ಳುವುದಿಲ್ಲ, ಪಕ್ಕದ ಹುಡುಗಿಯ ಪುಸ್ತಕ ನೋಡುತ್ತಾಳೆ ಎಂದು ಟೀಚರ್ ಹೇಳಿ ಕಳಿಸಿದ್ದರು.

“ಕಣ್ಣು ಹಂಗ ಚುರುಕು ಅದಾವು, ತಲಿ ಯಾಕ ಹಿಂಗ?” ಎಂದು ಹಂಪೇಶ್ ಕೇಳಿದ.

“ಮೈಗಳ್ಳತನ, ಮತ್ತೇನು!” ಎಂದಳು ಪಾರಮ್ಮ.

ಗಂಗಿ ಕತ್ತರಿ ಎತ್ತಿಕೊಂಡು ಮತ್ತೆ ದಾರ ತೆಗೆಯತೊಡಗಿದಳು. ಯಾಕೆ ಹೀಗೆ ಎಂದು ಅವಳಿಗೂ ಗೊತ್ತಿರಲಿಲ್ಲ.

ಮಗಳು ಹಿಂದೆ ಬೀಳಬಾರದೆಂದು ಹಂಪೇಶ್ ಬ್ರೂಸ್‌ಪೇಟೆಯ ಒಂದು ಮೊಬೈಲ್ ಅಂಗಡಿಯಿಂದ ಚಿಕ್ಕದೊಂದು ಟ್ಯಾಬ್ ತಂದ. ಇದ್ದುದರಲ್ಲಿ ಕಡಿಮೆ ಬೆಲೆಯದು. “ಓದಾಕ, ಪಾಠ ನೋಡಾಕ ನಡೀತೈತ್ರಿ. ದೊಡ್ಡ ದೊಡ್ಡ ಆಟ ಆಡಿದ್ರ ಇದು ಕೈ ಎತ್ತತೈತಿ,” ಎಂದು ಅಂಗಡಿಯವನು ಮೊದಲೇ ಹೇಳಿದ್ದ. “ನಮಗೂ ಅಂಥದ್ದೇ ಬೇಕಾಗಿತ್ತು ಬಿಡ್ರಿ,” ಎಂದು ಹಂಪೇಶ್ ಖುಷಿಯಿಂದಲೇ ತಂದ.

ಡಬ್ಬಿ ತೆರೆಯುವಾಗ ಮನೆಮಂದಿಯೆಲ್ಲ ಸುತ್ತ ಕೂತರು. ಪಕ್ಕದ ಮನೆಯ ಪರ್ವೀನ್ ಕೂಡ ಬಾಗಿಲಲ್ಲಿ ಇಣುಕಿದಳು. ಪರ್ವೀನ್ ನಮ್ಮ ಓಣಿಯ ಆಶಾ ಕಾರ್ಯಕರ್ತೆ. ಹೆರಿಗೆ, ಲಸಿಕೆ ಅಂತ ಎಲ್ಲರ ಮನೆಗೂ ಓಡಾಡುವವಳು.

“ಇಷ್ಟಾ ಇದು? ನಾನು ರೊಟ್ಟಿ ಬಡಿಯೋ ಕಲ್ಲಿನಷ್ಟರ ಇರತೈತಿ ಅಂದ್ಕೊಂಡಿದ್ದೆ,” ಎಂದಳು ಕೊಟ್ರಬಸಮ್ಮ.

“ಯವ್ವಾ, ರೊಟ್ಟಿ ಕಲ್ಲಿನಷ್ಟು ಬೇಕಂದ್ರ ನಿನ್ನ ಮಗನ್ನ ಮಾರಬೇಕಾಗತೈತಿ,” ಎಂದ ಹಂಪೇಶ್.

“ಮಾರು, ಯಾರು ತಗೊಳ್ತಾರ ನೋಡೋಣು!”

ಎಲ್ಲರೂ ನಕ್ಕರು. ಹಾಡು ಹಾಕಿದರೆ ತಗಡಿನ ಡಬ್ಬಿಯೊಳಗಿಂದ ಬಂದಂತೆ ಕೇಳಿಸಿತು. ಬೆರಳು ಒತ್ತಿದ ಮೇಲೆ ಅದು ಸ್ವಲ್ಪ ಯೋಚನೆ ಮಾಡಿಯೇ ತೆರೆದುಕೊಳ್ಳುತ್ತಿತ್ತು. ಫೋಟೊ ತೆಗೆದರೆ ಕೊಟ್ರಬಸಮ್ಮನ ಮುಖ ಸುಣ್ಣ ಬಳಿದಂತೆ ಬೆಳ್ಳಗೆ ಬಂತು. “ಇದು ಚಲೋ ಐತಿ, ಇರಲಿ,” ಎಂದು ಅವಳು ಒಪ್ಪಿದಳು. ಚಾರ್ಜು ಮಾತ್ರ ಸಾಕಷ್ಟು ಹೊತ್ತು ನಿಲ್ಲುತ್ತಿತ್ತು. ಕೊಟ್ಟ ದುಡ್ಡಿಗೆ ಮೋಸವಿಲ್ಲ ಎಂದು ಹಂಪೇಶ್ ತೀರ್ಮಾನ ಕೊಟ್ಟ.

ಗಂಗಿ ಇದನ್ನೆಲ್ಲ ಕೇಳಿಸಿಕೊಳ್ಳಲೇ ಇಲ್ಲ. ಎರಡು ಬೆರಳು ಇಟ್ಟು ಎಳೆದರೆ ಅಕ್ಷರ ದೊಡ್ಡದಾಗುತ್ತದೆ ಎಂಬುದು ಅವಳಿಗೆ ಆಗಲೇ ಗೊತ್ತಾಗಿತ್ತು. ಎಳೆಯುವುದು, ಓದುವುದು. ಮತ್ತೆ ಎಳೆಯುವುದು, ಮತ್ತೆ ಓದುವುದು.

ಆ ದಿನಗಳಲ್ಲಿ ಗಂಗಿ ಬೇರೆಯೇ ಹುಡುಗಿಯಾದಳು. ಟ್ಯಾಬಿನಲ್ಲಿ ಗಣಿತದ ಪಾಠ ಹಾಕಿಕೊಂಡು ಭಾಗಾಕಾರ ಕಲಿತಳು. ಪಾಠ ಹೇಳುವ ಟೀಚರರ ಕೈ, ಸೀಮೆಸುಣ್ಣ, ಬೋರ್ಡಿನ ಮೇಲಿನ ಅಂಕಿ ಎಲ್ಲವೂ ಅವಳ ಮೂಗಿನ ಮುಂದೆ ಇದ್ದವು. “ಅವ್ವಾ, ಇದು ಇಷ್ಟು ಸಸಾರ ಐತಿ! ಸಾಲ್ಯಾಗ ಯಾಕ ತಿಳೀವಲ್ದು?” ಎಂದು ಅಚ್ಚರಿಯಿಂದ ಕೇಳಿದಳು.

“ಸಾಲ್ಯಾಗ ನೀನು ಕಿಡಕ್ಯಾಗ ನೋಡತಿರ್ತಿ, ಅದಕ್ಕ,” ಎಂದಳು ಪಾರಮ್ಮ, ಮಷಿನ್ನಿನಿಂದ ತಲೆ ಎತ್ತದೆ.

ಒಂದು ಸಂಜೆ ಗಂಗಿ ಟ್ಯಾಬು ಹಿಡಿದುಕೊಂಡು ಮಾಳಿಗೆ ಹತ್ತಿದಳು. ನಮ್ಮ ಓಣಿಯ ಯಾವ ಮಾಳಿಗೆ ಹತ್ತಿದರೂ ಬಳ್ಳಾರಿ ಗುಡ್ಡ ಕಾಣುತ್ತದೆ, ಅದರ ನೆತ್ತಿಯ ಮೇಲೆ ಕೋಟೆಯ ಗೋಡೆ. ಗಂಗಿ ಗುಡ್ಡದ ಫೋಟೊ ತೆಗೆದಳು. ಎರಡು ಬೆರಳಲ್ಲಿ ಎಳೆದಳು. ಅಗ್ಗದ ಕ್ಯಾಮೆರಾ, ಚಿತ್ರ ಮಸುಕಾಗಿಯೇ ಬಂದಿತ್ತು. ಆದರೂ ಅವಳು ಕೆಳಗೆ ಓಡಿ ಬಂದಳು.

“ಅಪ್ಪಾ, ಗುಡ್ಡದ ಮ್ಯಾಲ ಗ್ವಾಡಿ ಕಟ್ಯಾರ!”

ಹಂಪೇಶನಿಗೆ ನಗು ತಡೆಯಲಾಗಲಿಲ್ಲ. “ನಿನ್ನೆ ರಾತ್ರಿ ಕಟ್ಟಿರಬೇಕು ತಗೋ! ಲೇ, ಹುಟ್ಟಿದಾಗಿಂದ ನೋಡಾಕತ್ತಿ ಅದನ್ನ.”

“ಇಲ್ಲಪ್ಪಾ, ನಾ ಬರೇ ಗುಡ್ಡ ನೋಡೀನಿ.”

“ಕೇಳಿದೇನು ಪಾರೀ, ನಿನ್ನ ಮಗಳು ಗುಡ್ಡದ ಕೋಟಿ ಕಂಡುಹಿಡದಾಳ!”

ಪಾರಮ್ಮ ನಕ್ಕಳು. ಅಜ್ಜಿ ನಕ್ಕಳು. ಗಂಗಿ ಕೂಡ ಸ್ವಲ್ಪ ನಕ್ಕು ಟ್ಯಾಬು ಮಡಿಲಲ್ಲಿ ಇಟ್ಟುಕೊಂಡು ಆ ಚಿತ್ರವನ್ನೇ ಮತ್ತೆ ಎಳೆದು ನೋಡಿದಳು. ಪಕ್ಕದ ಮಾಳಿಗೆಯಲ್ಲಿ ಬಟ್ಟೆ ತೆಗೆಯುತ್ತ ಇದನ್ನೆಲ್ಲ ಕೇಳಿಸಿಕೊಂಡ ಪರ್ವೀನ್ ಮಾತ್ರ ನಗಲಿಲ್ಲ. ಇಳಿದು ಬಂದಳು.

“ಪಾರಕ್ಕ, ಹುಡುಗಿ ಕಣ್ಣು ಒಮ್ಮೆ ತೋರಸ್ರಿ.”

“ಯಾಕ, ಏನಾಗೈತಿ ಕಣ್ಣಿಗೆ?”

“ಏನಾಗೈತೋ ನನಗ ಗೊತ್ತಿಲ್ಲ. ಅಷ್ಟು ದೊಡ್ಡ ಕೋಟಿ ಕಂಡಿಲ್ಲ ಅಂದ್ರ ಏನೋ ಐತಿ. ದೊಡ್ಡಾಸ್ಪತ್ರ್ಯಾಗ ಪುಕ್ಕಟೆ ನೋಡತಾರ. ನಾನು ಬರ್ತೀನಿ ಜೊತಿಗೆ.”

ಕೊಟ್ರಬಸಮ್ಮನಿಗೆ ಸಿಟ್ಟು ಬಂತು. “ಪರ್ವೀನವ್ವಾ, ಸೂಜಿಗೆ ದಾರ ಪೋಣಿಸೋ ಹುಡುಗಿಗೆ ಕಣ್ಣಿಲ್ಲ ಅಂತೀಯಲ್ಲ! ಹೆಣ್ಣು ಹುಡುಗಿ ಮಾರಿ ಮ್ಯಾಲ ಚಷ್ಮಾ ಏರಿಸಿದ್ರ ನಾಳೆ ಯಾರು ಬರ್ತಾರ ಕೇಳಾಕ?”

“ಅಜ್ಜಿ, ನಾಳೆ ಬರೋರು ಇರಲಿ. ಇವತ್ತು ಬೋರ್ಡ್ ಕಾಣಬ್ಯಾಡೇನು ಹುಡುಗಿಗೆ?”

“ದೀಪಾವಳಿಗೆ ಹೊಲಿದು ಕೊಡೋ ಪ್ಯಾಂಟಿನ ಲಾಟು ಐತಿ ಪರ್ವೀನ್,” ಎಂದಳು ಪಾರಮ್ಮ ಮೆಲ್ಲಗೆ. “ಅದು ಮುಗೀಲಿ. ಹೋಗೋಣು.”

ಹೋಗಲಿಲ್ಲ. ದೀಪಾವಳಿ ಲಾಟು ಮುಗಿದರೆ ಸಂಕ್ರಾಂತಿಯ ಲಾಟು ಇರುತ್ತದೆ. ಅಷ್ಟರಲ್ಲಿ ಅಜ್ಜಿಗೆ ಟ್ಯಾಬಿನ ಮೇಲೆ ಸಂಶಯ ಶುರುವಾಯಿತು. ಗಂಗಿ ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿಯುತ್ತಿದ್ದಳು. ಕುತ್ತಿಗೆ ಒಂದು ಕಡೆಗೆ ವಾಲಿಸುತ್ತಿದ್ದಳು.

“ನೋಡು ನೋಡು, ಆ ಹಲಗಿ ಹುಡುಗಿ ಕಣ್ಣು ತಿನ್ನಾಕತ್ತೈತಿ. ಮೊದಲು ಹಿಂಗಿತ್ತೇನು? ಹದ್ದಿನ ಕಣ್ಣು ಇತ್ತು!”

ಮೊದಲೂ ಹೀಗೇ ಇತ್ತು. ಪ್ಯಾಂಟು ಹಿಡಿದಾಗಲೂ ಅವಳು ಹೀಗೇ ಹಿಡಿಯುತ್ತಿದ್ದಳು. ಆಗ ಅದನ್ನು ಚುರುಕು ಎಂದು ಹೊಗಳಿದವರಿಗೆ ಈಗ ಅದೇ ಕೆಟ್ಟ ಚಾಳಿಯಾಗಿ ಕಂಡಿತು. ಪಾರಮ್ಮ ಟ್ಯಾಬನ್ನು ಕಿತ್ತುಕೊಂಡು ಟ್ರಂಕಿನಲ್ಲಿ ಇಟ್ಟು ಬೀಗ ಹಾಕಿದಳು.

“ಅವ್ವಾ, ಅದರಾಗ ನನಗ ಕಾಣತೈತಿ,” ಎಂದು ಗಂಗಿ ಅತ್ತಳು.

ಮಗು ಅಷ್ಟು ಸ್ಪಷ್ಟವಾಗಿ ಹೇಳಿತ್ತು. ಪಾರಮ್ಮನ ಕಿವಿಗೆ ಅದು ಹಟದ ಮಾತಿನಂತೆ ಕೇಳಿಸಿತು.

ಟ್ಯಾಬು ಹೋದ ಮೇಲೆ ಗಂಗಿ ಮತ್ತೆ ಮೊದಲಿನಂತಾದಳು. ಲೆಕ್ಕ ಮರೆತಳು. ಶಾಲೆಗೆ ಹೋಗುವುದಿಲ್ಲ ಎನ್ನತೊಡಗಿದಳು. “ಓದು ತಲಿಗೆ ಹತ್ತಲಿಲ್ಲ ಅಂದ್ರ ಬಿಡು, ಏಳನೇ ಕ್ಲಾಸ್ ಮುಗಿಸಿ ಮಷಿನ್ ಕಲೀಲಿ,” ಎಂಬ ಮಾತು ಮನೆಯಲ್ಲಿ ಶುರುವಾಯಿತು. ಗಂಗಿಯ ಮುಂದೆಯೇ ಆ ಮಾತು ಆಡುತ್ತಿದ್ದರು.

ಲಸಿಕೆಯ ವಿಷಯ ಹೇಳಲು ಬಂದ ಪರ್ವೀನ್ ಇದನ್ನು ಕೇಳಿಸಿಕೊಂಡು ಹೊಸ್ತಿಲಲ್ಲೇ ನಿಂತಳು. ಈ ಸಲ ಅವಳು ಯಾರನ್ನೂ ಕೇಳಲಿಲ್ಲ. ಗಂಗಿಯನ್ನು ಹತ್ತಿರ ಕರೆದು ಅಂಗೈಯಿಂದ ಅವಳ ಎಡಗಣ್ಣು ಮುಚ್ಚಿದಳು.

“ಬೇಟಾ, ಅಲ್ಲಿ ನಿಮ್ಮಪ್ಪ ನಿಂತಾನಲ್ಲ. ಕೈಯಾಗ ಏನು ಹಿಡದಾನ?”

ಗಂಗಿ ಕಣ್ಣು ಕಿರಿದು ಮಾಡಿದಳು. “ಕತ್ತರಿ ಇರಬೇಕು.”

“ಈಗ?” ಪರ್ವೀನ್ ಕೈ ಬದಲಿಸಿ ಬಲಗಣ್ಣು ಮುಚ್ಚಿದಳು.

“ಈಗ ಹೆಂಗ ಕಾಣತೈತಿ ಆಂಟೀ? ಈ ಕಣ್ಣು ಮುಚ್ಚಿದ್ರ ಏನೂ ಕಾಣಂಗಿಲ್ಲಲ್ಲ.”

ಮಷಿನ್ನಿನ ಸದ್ದು ನಿಂತಿತು.

“ಏನೂ ಅಂದ್ರ?” ಹಂಪೇಶ್ ಹತ್ತಿರ ಬಂದು ಬಗ್ಗಿದ. “ಅಪ್ಪ ಕಾಣಂಗಿಲ್ಲೇನು?”

“ಬೆಳಕು ಕಾಣತೈತಿ. ಎಲ್ಲಾ ಕಲಸಿದಂಗ ಇರತೈತಿ.” ಗಂಗಿ ಎಲ್ಲರ ಮುಖದ ಕಡೆ ತಿರುಗಿದಳು. “ಎಲ್ಲರಿಗೂ ಹಂಗ ಅಲ್ಲೇನು?”

ಕೊಟ್ರಬಸಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಮರುದಿನ ಮುಂಜಾನೆ ಲಾಟನ್ನು ಹಾಗೆಯೇ ಬಿಟ್ಟು ಎಲ್ಲರೂ ಪರ್ವೀನ್ ಜೊತೆಗೆ ದೊಡ್ಡಾಸ್ಪತ್ರೆಗೆ ಹೋದರು.

ಕಣ್ಣಿನ ವಿಭಾಗದ ಡಾಕ್ಟರಮ್ಮ ಗಂಗಿಯನ್ನು ಕೂರಿಸಿ ಬಹಳ ಹೊತ್ತು ನೋಡಿದರು. ಹನಿ ಹಾಕಿ ಮತ್ತೆ ನೋಡಿದರು. ಆಮೇಲೆ ತಂದೆತಾಯಿಯನ್ನು ಎದುರಿಗೆ ಕೂರಿಸಿಕೊಂಡರು.

“ಬಲಗಣ್ಣಿಗೆ ದೂರದ್ದು ಕಾಣಂಗಿಲ್ಲ. ಚಷ್ಮಾ ಹಾಕಿದ್ರ ಕಾಣತೈತಿ, ಚಿಂತಿ ಇಲ್ಲ. ಎಡಗಣ್ಣಿಗೆ ನಂಬರು ಭಾಳ ಹೆಚ್ಚು ಐತಿ. ಸಣ್ಣಾಕಿ ಇದ್ದಾಗಿಂದ ಆ ಕಣ್ಣಿಗೆ ಯಾವ ಚಿತ್ರಾನೂ ನೆಟ್ಟಗ ಕಂಡಿಲ್ಲ. ಕಂಡಿಲ್ಲ ಅಂದಮ್ಯಾಲ ಮೆದುಳು ಆ ಕಣ್ಣಿನ ಕೂಡ ಕೆಲಸ ಮಾಡೋದು ಕಲಿಯಲೇ ಇಲ್ಲ. ಇದಕ್ಕ ಸೋಮಾರಿ ಕಣ್ಣು ಅಂತಾರ.”

“ಟ್ಯಾಬಿನಿಂದ ಆಗೈತಲ್ರಿ?” ಪಾರಮ್ಮ ಕೇಳಿದಳು. ಹೌದು ಎನ್ನಲಿ ಎಂದೇ ಅವಳ ಮನಸ್ಸು ಬಯಸುತ್ತಿತ್ತು.

“ಇಲ್ಲಮ್ಮ. ಟ್ಯಾಬು ಮೊನ್ನೆ ಮೊನ್ನೆ ಬಂದದ್ದು. ಇದು ಹಳೇದು. ದೂರ ಹಿಡಿದ್ರ ಕಾಣಂಗಿಲ್ಲ ಅಂತ ಹುಡುಗಿ ಅದನ್ನ ಹತ್ತಿರ ಹಿಡದಾಳ.”

“ಸೂಜಿಗೆ ದಾರ ಹಾಕ್ತಾಳಲ್ರೀ ಡಾಕ್ಟರಮ್ಮ,” ಎಂದಳು ಕೊಟ್ರಬಸಮ್ಮ. ಈಗ ಅವಳ ಮಾತಿನಲ್ಲಿ ವಾದವಿರಲಿಲ್ಲ.

“ಹಾಕ್ತಾಳಜ್ಜಿ. ಹತ್ತಿರದ್ದು ಒಂದು ಕಣ್ಣಿಗೆ ಚಲೋ ಕಾಣತೈತಿ. ನೀವು ಬರೇ ಹತ್ತಿರದ್ದು ನೋಡಿ ಮಾರ್ಕ್ಸ್ ಕೊಟ್ರಿ.”

“ಎಡಗಣ್ಣು ಪೂರಾ ಬರತೈತೇನ್ರಿ?” ಹಂಪೇಶ್ ಕೇಳಿದ.

ಡಾಕ್ಟರಮ್ಮ ಗಂಗಿಯ ಚೀಟಿಯನ್ನು ಮತ್ತೊಮ್ಮೆ ನೋಡಿದರು. “ಸಾಲಿಗೆ ಸೇರೋಕಿಂತ ಮೊದಲು ಬಂದಿದ್ರ ಭಾಳಷ್ಟು ಸರಿ ಮಾಡಬಹುದಿತ್ತು. ಈಗೂ ಕೈ ಚೆಲ್ಲೋದಿಲ್ಲ. ಚಷ್ಮಾ ಹಾಕೋಣು, ಚಲೋ ಕಣ್ಣಿಗೆ ದಿನಾ ಸ್ವಲ್ಪ ಹೊತ್ತು ಪಟ್ಟಿ ಕಟ್ಟೋಣು. ಒಂದಿಷ್ಟು ಬರತೈತಿ. ಪೂರಾ ಬರತೈತಿ ಅಂತ ನಾನು ಸುಳ್ಳು ಹೇಳಂಗಿಲ್ಲ. ಸಾಲ್ಯಾಗ ಒಮ್ಮೆಯೂ ಕಣ್ಣು ತಪಾಸಣೆ ಆಗಿಲ್ಲೇನು?”

ಪಾರಮ್ಮನಿಗೆ ನೆನಪಾಯಿತು. ಆಗಿತ್ತು. ಗಂಗಿ ಒಂದನೇ ತರಗತಿಯಲ್ಲಿದ್ದಾಗ ಡಾಕ್ಟರರು ಶಾಲೆಗೇ ಬಂದಿದ್ದರು. ಅವತ್ತು ತುರ್ತು ಲಾಟು ಇತ್ತು. ದಾರ ಕತ್ತರಿಸಲು ಕೈ ಸಾಲದೆ ಗಂಗಿಯನ್ನು ಮನೆಯಲ್ಲೇ ಉಳಿಸಿಕೊಂಡಿದ್ದರು.

ಆಸ್ಪತ್ರೆಯ ಮುಂದಿನ ಕಟ್ಟೆಯ ಮೇಲೆ ಕೂತು ಗಂಡ ಹೆಂಡತಿ ಒಂದೊಂದೇ ನೆನೆಸಿಕೊಂಡರು. ಪಾರಮ್ಮನ ತವರು ಕುರುಗೋಡು. ಅಲ್ಲಿಯ ದೊಡ್ಡ ಬಸವಣ್ಣನ ಮುಂದೆ ಎಲ್ಲರೂ ದೂರ ನಿಂತು ಕೈ ಮುಗಿದರೆ, ಗಂಗಿ ಹತ್ತಿರ ಹೋಗಿ ಕಲ್ಲನ್ನು ಸವರಿ ಸವರಿ ನೋಡುತ್ತಿದ್ದಳು. ಎಷ್ಟು ಭಕ್ತಿ ಎಂದುಕೊಂಡಿದ್ದರು. ಅದೇ ಊರಿನ ಬಸ್ ನಿಲ್ದಾಣದಲ್ಲಿ ಒಮ್ಮೆ ಪಾರಮ್ಮನಂಥದೇ ಸೀರೆ ಉಟ್ಟ ಬೇರೆ ಹೆಂಗಸಿನ ಕೈ ಹಿಡಿದುಕೊಂಡು ಹೊರಟಿದ್ದಳು. ಅವತ್ತು ಲಕ್ಷ್ಯವಿಲ್ಲ ಎಂದು ಬೆನ್ನಿಗೆ ಎರಡು ಬಿದ್ದಿತ್ತು. ಸಿರುಗುಪ್ಪದಲ್ಲಿ ಹಂಪೇಶನ ಅಕ್ಕನ ಮನೆಗೆ ಹೋದಾಗ ಮಕ್ಕಳೆಲ್ಲ ಭತ್ತದ ಗದ್ದೆಯಲ್ಲಿ ಇಳಿದ ಕೊಕ್ಕರೆಗಳನ್ನು ಎಣಿಸುತ್ತಿದ್ದರು. ಗಂಗಿ ಎಲ್ಲದಕ್ಕೂ “ಹೂಂ, ಕಂಡ್ವು” ಎನ್ನುತ್ತಿದ್ದಳು. ಅವರು ಬೇರೆ ಕಡೆ ಕೈ ತೋರಿಸಿ ಚೇಷ್ಟೆ ಮಾಡಿದರೂ “ಹೂಂ, ಕಂಡ್ವು” ಎಂದಿದ್ದಳು. ಎಲ್ಲರೂ ಅವಳನ್ನು ಸುಳ್ಳಿ ಎಂದು ಕಾಡಿದ್ದರು.

“ನಾವೂ ಸುಳ್ಳಿ ಅಂದ್ವಿ,” ಎಂದ ಹಂಪೇಶ್. “ನಮ್ಮ ಕೂಸು ನಮ್ಮ ಜೋಡಿ ಇರಾಕ ಸುಳ್ಳು ಹೇಳ್ತಿತ್ತು.”

ಪರ್ವೀನ್ ಏನಾದರೂ ಸಮಾಧಾನ ಹೇಳಬೇಕೆಂದುಕೊಂಡಳು. “ನಾನೂ ಅವತ್ತೇ ಬೆನ್ನು ಹತ್ತಬೇಕಿತ್ತು ಪಾರಕ್ಕ. ಲಾಟು ಐತಿ ಅಂದ್ರಿ ಅಂತ ಸುಮ್ಮನಾದೆ,” ಎಂದಷ್ಟೇ ಹೇಳಿದಳು.

ಪಟ್ಟಿ ಕಟ್ಟುವ ದಿನ ಕೊಟ್ರಬಸಮ್ಮ ಕೊನೆಯ ಸಲ ತಕರಾರು ತೆಗೆದಳು. “ಕೆಟ್ಟ ಕಣ್ಣು ಬಿಟ್ಟು ಚಲೋ ಕಣ್ಣು ಮುಚ್ಚತಾರಲ್ಲ! ಇದು ಯಾವ ನ್ಯಾಯ?”

ಪರ್ವೀನ್ ನಕ್ಕಳು. “ಅಜ್ಜಿ, ಮನ್ಯಾಗ ಅತ್ತಿನೇ ಎಲ್ಲಾ ಕೆಲಸ ಮಾಡಿದ್ರ ಸೊಸಿ ಕಲಿಯೋದು ಯಾವಾಗ? ಅತ್ತಿನ್ನ ಸ್ವಲ್ಪ ಹೊತ್ತು ಕಟ್ಟಿ ಮ್ಯಾಲ ಕೂಡ್ರಸಬೇಕು.”

“ನನ್ನ ಸೊಸಿಗೆ ಹೇಳಿದೇನು, ಕಣ್ಣಿಗೆ ಹೇಳಿದೇನು?” ಎಂದಳು ಕೊಟ್ರಬಸಮ್ಮ. ಆದರೆ ಅಂದಿನಿಂದ ದಿನವೂ ತಪ್ಪದೆ ತಾನೇ ಮುಂದೆ ಕೂತು ಪಟ್ಟಿ ಅಂಟಿಸತೊಡಗಿದಳು. ಪಟ್ಟಿ ಇರುವಷ್ಟು ಹೊತ್ತು ಗಂಗಿಗೆ ಲೋಕವೆಲ್ಲ ಮಂಜು. ಅಳುತ್ತಾಳೆ, ಕಿತ್ತೆಸೆಯುತ್ತಾಳೆ. ಅಜ್ಜಿ ಮತ್ತೆ ಅಂಟಿಸುತ್ತಾಳೆ. ಸಣ್ಣ ವಯಸ್ಸಿನಲ್ಲೇ ಪಟ್ಟಿ ಕಟ್ಟಿದ್ದರೆ ಇಷ್ಟು ಕಷ್ಟವಿಲ್ಲದೆ ಆಟದ ಹಾಗೆ ಮುಗಿಯುತ್ತಿತ್ತು ಎಂದು ಈಗ ಮನೆಯವರಿಗೆ ಗೊತ್ತು.

ಟ್ಯಾಬು ಟ್ರಂಕಿನಿಂದ ಹೊರಗೆ ಬಂದಿದೆ. ಡಾಕ್ಟರಮ್ಮ ಹೇಳಿದಂತೆ ಅದನ್ನು ಮೇಜಿನ ಮೇಲೆ ದೂರಕ್ಕೆ ಒರಗಿಸಿ ಇಡುತ್ತಾರೆ. ಸ್ವಲ್ಪ ಹೊತ್ತು ಪಾಠ, ಆಮೇಲೆ ಬಿಸಿಲಿಳಿದ ಓಣಿಯಲ್ಲಿ ಆಟ. ಹತ್ತಿರದ್ದನ್ನೇ ಬಹಳ ಹೊತ್ತು ನೋಡುತ್ತ ಕೂರುವುದು ಯಾವ ಮಗುವಿನ ಕಣ್ಣಿಗೂ ಒಳ್ಳೆಯದಲ್ಲವಂತೆ. ಅದು ಟ್ಯಾಬಿಗೂ ಸರಿ, ಪ್ಯಾಂಟಿನ ದಾರಕ್ಕೂ ಸರಿ. ಗಂಗಿಯ ಕೈಯಿಂದ ಕತ್ತರಿ ತೆಗೆದಿಟ್ಟಾಗಿದೆ.

ಚಷ್ಮಾ ಬಂದ ದಿನದ್ದೊಂದು ಮಾತು ಹೇಳಬೇಕು. ಗಂಗಿ ಅದನ್ನು ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದಳು. ಪಾರಮ್ಮ ಒಳಗೆ ಮಷಿನ್ನಿನ ಮುಂದೆ ಕೂತಿದ್ದಳು. ಮಗಳು ಆ ಕಡೆಯೇ ನೋಡುತ್ತ ನಿಂತಳು.

“ಏನು ನೋಡತೀಲೇ?”

“ಅವ್ವಾ, ಮಷಿನ್ ಮುಂದ ಕುಂತಾಗ ನಿನ್ನ ಮಾರಿ ಹಿಂಗಿರತೈತೇನು?”

“ಹೆಂಗ?”

“ಅಳೋರಂಗ. ನಾ ದೂರಿಂದ ನೋಡಿದಾಗೆಲ್ಲ ನೀ ನಗಾಕತ್ತೀ ಅಂದ್ಕೊಂಡಿದ್ದೆ.”

ಪಾರಮ್ಮ ಎದ್ದು ಬಂದು ಮಗಳನ್ನು ಅಪ್ಪಿಕೊಂಡಳು. ಆ ಮುಖವನ್ನು ಮಗಳು ಇನ್ನೂ ನೋಡುವುದು ಬೇಡವೆನಿಸಿತು ಅವಳಿಗೆ.

ಅಣ್ಣಂದಿರೆ, ಅಕ್ಕಂದಿರೆ, ನಾವು ಮಕ್ಕಳಿಗಾಗಿಯೇ ದುಡಿಯುತ್ತೇವೆ. ಮನೆಗೆ ಬರುವಷ್ಟರಲ್ಲಿ ಅವರನ್ನು ನೋಡುವ ಶಕ್ತಿಯೇ ಉಳಿದಿರುವುದಿಲ್ಲ. ಇದು ನಿಮ್ಮೊಬ್ಬರ ತಪ್ಪು ಎಂದು ಯಾರೂ ಹೇಳುತ್ತಿಲ್ಲ. ಆದರೆ ಮಗು ತಾನಾಗಿ ಬಂದು ನನಗೆ ಕಾಣುವುದಿಲ್ಲ ಎಂದು ಹೇಳುವುದಿಲ್ಲ. ಅದಕ್ಕೆ ಕಂಡದ್ದೇ ಲೋಕ. ನಿಮ್ಮ ಮಗು ಫೋನನ್ನೋ ಪುಸ್ತಕವನ್ನೋ ಮುಖಕ್ಕೆ ಹತ್ತಿರ ಹಿಡಿದರೆ, ಟಿವಿಯ ಹತ್ತಿರ ಹೋಗಿ ನಿಂತರೆ, ಕಣ್ಣು ಕಿರಿದು ಮಾಡಿದರೆ, ತಲೆ ವಾಲಿಸಿ ನೋಡಿದರೆ, ಬೋರ್ಡಿನದು ಬರೆದುಕೊಳ್ಳದಿದ್ದರೆ ಬೈಯುವ ಮೊದಲು ಕಣ್ಣು ತೋರಿಸಿ. ಇವೇನೂ ಇಲ್ಲದಿದ್ದರೂ ಶಾಲೆಗೆ ಸೇರಿಸುವ ಮೊದಲು ಒಮ್ಮೆ ಎರಡೂ ಕಣ್ಣನ್ನು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿಸಿ. ಶಾಲೆಗೆ ಡಾಕ್ಟರರು ಬರುವ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಕಣ್ಣು ನೋಡುತ್ತಾರೆ. ದಾರಿ ಗೊತ್ತಿಲ್ಲದಿದ್ದರೆ ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯನ್ನು ಕೇಳಿ. ಚಷ್ಮಾ ಹಾಕಿದ ಹೆಣ್ಣು ಮಗುವಿಗೆ ಏನೂ ಕಡಿಮೆಯಾಗುವುದಿಲ್ಲ.

ನಾಳೆಯೇ ಹೋಗಿ. ನಾಳೆ ಕೆಲಸ ಇದ್ದೇ ಇರುತ್ತದೆ. ಇದ್ದರೂ ಹೋಗಿ.